ಎಮ್ಮೆಲ್ಲೆ ಕೈಗೆ ಯಾವ ಕಾಗದ ಕೊಡಬೇಕು? ಸಲಿಂಗಿಗಳ ಹಕ್ಕಿಗಾಗಿ ತಾಲ್ಲೂಕಿನಿಂದಲೇ ಒತ್ತಡ ಹಾಕುವ ಬಗೆ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವನು, ವಯಸ್ಸು 28. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ನಾನು ಸಲಿಂಗಿ. ನನ್ನ ಸಂಗಾತಿ ಖಾಸಗಿ ಶಾಲೆಯಲ್ಲಿ ಮೇಷ್ಟ್ರು. ನಾಲ್ಕು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ, ಊರಿಗೆಲ್ಲ ‘ದೋಸ್ತರು’. ಹೋದ ಮಳೆಗಾಲ ಅವನಿಗೆ ಡೆಂಗಿ ಜೋರಾಗಿ ಆಸ್ಪತ್ರೆಗೆ ಸೇರಿಸಿದಾಗ ‘ನೀವು ಪೇಶೆಂಟಿಗೆ ಏನಾಗ್ಬೇಕ್ರಿ? ಸಹಿ ಮಾಡಾಕ ಮನಿಯವ್ರನ್ನ ಕರಸ್ರಿ’ ಅಂದರು. ಅವತ್ತಿನಿಂದ ಸುಮ್ಮನಿರಲು ಆಗುತ್ತಿಲ್ಲ. ನಮ್ಮಂಥವರು ಏಳು ಮಂದಿ ಸೇರಿ ಶಾಸಕರಿಗೆ ಮನವಿ ಕೊಡೋಣ ಎಂದುಕೊಂಡೆವು. ಒಬ್ಬ ನಾಯಕರ ಆಪ್ತರ ಹತ್ತಿರ ವಿಷಯ ತೆಗೆದರೆ ‘ಇದೆಲ್ಲಾ ಬ್ಯಾಡ್ರಿ ತಮ್ಮಾ, ಓಟಿಗೆ ಹೊಡ್ತ ಬೀಳ್ತೈತಿ. ಮ್ಯಾಲಾಗಿ ಇದು ದಿಲ್ಲಿ ವಿಷಯ, ಕೋರ್ಟೇ ಆಗಲ್ಲ ಅಂದೈತಿ’ ಅಂದರು. ನಿಜವಾಗಿಯೂ ಶಾಸಕರ ಕೈಯಲ್ಲಿ ಏನೂ ಇಲ್ಲವೇ? ಬೆಂಗಳೂರಿನ ಹಾಗೆ ಇಲ್ಲೂ ಮೆರವಣಿಗೆ ಮಾಡಬೇಕೆ? ಮನವಿಯಲ್ಲಿ ನಮ್ಮ ಹೆಸರು ಹಾಕಲೇಬೇಕೆ? ಹೊರಗೆ ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಕೇಳಿದರೆ ಏನಾದರೂ ಆಗುತ್ತದೆಯೇ ಎಂಬುದು ಒಂದು, ಕೇಳಿದ್ದಕ್ಕೆ ನಮಗೇ ಏನಾದರೂ ಆಗುತ್ತದೆಯೇ ಎಂಬುದು ಇನ್ನೊಂದು. ಎರಡಕ್ಕೂ ನಾನು ಕೊಡುವ ಉತ್ತರ ಒಂದೇ ಅಂಶದ ಮೇಲೆ ನಿಂತಿದೆ. ‘ಸಲಿಂಗಿಗಳಿಗೆ ಹಕ್ಕು ಕೊಡಿ’ ಎಂದು ಕೇಳಿದರೆ ನಮ್ಮ ಭಾಗದ ಯಾವ ಪಕ್ಷದ ನಾಯಕರೂ ಅಲುಗಾಡುವುದಿಲ್ಲ. ಅವರ ಅಧಿಕಾರದೊಳಗೇ ಬರುವ, ಅವರು ಸಹಿ ಹಾಕಿ ಮುಂದಕ್ಕೆ ಕಳಿಸಬಹುದಾದ ಒಂದೇ ಒಂದು ಸಣ್ಣ ಬೇಡಿಕೆಯನ್ನು, ಅವರು ಈಗಾಗಲೇ ಲೆಕ್ಕಕ್ಕಿಟ್ಟಿರುವ ಜನರ ಕೈಯಲ್ಲಿ ಕಳಿಸಿದರೆ ಕಡತ ಹುಟ್ಟುತ್ತದೆ. ಅಲ್ಲಿ ನಿಮ್ಮ ಹೆಸರಿನ ಅಗತ್ಯ ಬೀಳುವುದೇ ಇಲ್ಲ.

ಮೊದಲು ಆ ಆಪ್ತರು ಹೇಳಿದ್ದನ್ನು ಜರಡಿ ಹಿಡಿಯೋಣ.

ಕೋರ್ಟು ‘ಆಗಲ್ಲ’ ಅಂದಿದೆ ಎಂಬುದು ಅರ್ಧ ಸತ್ಯ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮಿನ ಜಾಗದಲ್ಲಿ ಏನೂ ಇಲ್ಲ. ಅಂದರೆ ನೀವಿಬ್ಬರೂ ಒಟ್ಟಿಗೆ ಬಾಳುವುದು ಅಪರಾಧವಲ್ಲ, ಅದರ ಬಗ್ಗೆ ಜನಪ್ರತಿನಿಧಿಗೆ ಮನವಿ ಕೊಡುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಆಪ್ತರ ತಲೆಯಲ್ಲಿದ್ದದ್ದು ಸಲಿಂಗಿಗಳ ಮದುವೆ ಕುರಿತು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಕೊಟ್ಟ ಸುಪ್ರಿಯೋ ತೀರ್ಪು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂದು ಅಲ್ಲಿ ಐವರೂ ಒಪ್ಪಿದರು. ಸಿವಿಲ್ ಯೂನಿಯನ್ (ಮದುವೆಯಲ್ಲದಿದ್ದರೂ ಕಾನೂನು ಮಾನ್ಯ ಮಾಡುವ ಜೊತೆಬಾಳ್ವೆ) ಕೂಡ ಕೋರ್ಟಿನಿಂದ ಕೊಡಲಾಗದು ಎಂಬುದು ಮೂವರ ಬಹುಮತ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು. ಆದರೆ ಕೋರ್ಟು ಹೇಳಿದ್ದು ಇದು ಶಾಸಕಾಂಗದ ಕೆಲಸ ಎಂದು. ಬಾಗಿಲು ಮುಚ್ಚಿದ್ದಲ್ಲ, ಯಾವ ಬಾಗಿಲು ತಟ್ಟಬೇಕು ಎಂದು ತೋರಿಸಿದ್ದು. ಹಾಗಾಗಿ ‘ಕೋರ್ಟೇ ಆಗಲ್ಲ ಅಂದೈತಿ’ ಎಂಬ ಮಾತು ಶಾಸಕರ ಹತ್ತಿರ ಹೋಗಬೇಡಿ ಎನ್ನಲು ಕಾರಣವಾಗಲಾರದು. ಹೋಗಲೇಬೇಕು ಎನ್ನಲು ಅದೇ ಕಾರಣ.

‘ದಿಲ್ಲಿ ವಿಷಯ’ ಎಂಬುದೂ ಅಷ್ಟೇ. 1954ರ ವಿಶೇಷ ವಿವಾಹ ಕಾಯ್ದೆ ಸಂಸತ್ತಿನದು, ನಿಜ. ಆದರೆ ಮದುವೆ, ವಿಚ್ಛೇದನದ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಕ್ಕೂ ಅದರಲ್ಲಿ ಮಾತಿದೆ. 2023ರ ಏಪ್ರಿಲ್‌ನಲ್ಲಿ ಸಲಿಂಗಿಗಳ ಮದುವೆ ಬಗ್ಗೆ ಕೇಂದ್ರ ಎಲ್ಲ ರಾಜ್ಯಗಳ ಅಭಿಪ್ರಾಯ ಕೇಳಿತ್ತು. ಉತ್ತರ ಬಂದಿದೆ ಎಂದು ಕೋರ್ಟಿಗೆ ತಿಳಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇನ್ನು ನಿಮ್ಮನ್ನು ನೋಯಿಸಿದ ಆಸ್ಪತ್ರೆ, ಪೊಲೀಸ್ ಠಾಣೆ, ರೇಷನ್ ಕಾರ್ಡು ಇವೆಲ್ಲ ದಿನನಿತ್ಯ ನಡೆಯುವುದು ರಾಜ್ಯದ ಇಲಾಖೆಗಳ ಸುತ್ತೋಲೆಯ ಮೇಲೆ.

ಓಟಿನ ಮಾತಿಗೆ ಬರೋಣ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷದಷ್ಟು ಮತದಾರರು. ಆಸ್ಪತ್ರೆಗೆ ಒಂದು ಸುತ್ತೋಲೆ ಕಳಿಸಿ ಎಂದು ಪತ್ರ ಬರೆದ ಶಾಸಕರನ್ನು ಅದೇ ಕಾರಣಕ್ಕೆ ಜನ ಸೋಲಿಸುವುದಿಲ್ಲ, ಇದು ಅವರಿಗೂ ಗೊತ್ತು. ಅವರ ಅಂಜಿಕೆ ಬೇರೆಯೇ ಇದೆ. ನಿಮ್ಮ ಜೊತೆಗಿನ ಒಂದು ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ, ಎದುರು ಪಾರ್ಟಿಯವರು ಅದನ್ನು ಬೇರೆ ಅರ್ಥ ಹಚ್ಚಿ ಹಂಚಿ, ಮಠದವರೋ ಮಸೀದಿಯವರೋ ಜಾತಿ ಸಂಘದ ಹಿರಿಯರೋ ಫೋನ್ ಮಾಡಿ ‘ಏನ್ರಿ ಇದು’ ಎಂದು ಕೇಳುವ ಆ ಒಂದು ಗಳಿಗೆಗೆ ಅವರು ಹೆದರುತ್ತಾರೆ. 2015ರ ಡಿಸೆಂಬರ್ 18ರಂದು ಸಂಸದ ಶಶಿ ತರೂರ್ ಅವರು 377ನೇ ಕಲಮಿನ ತಿದ್ದುಪಡಿಗೆ ಖಾಸಗಿ ಮಸೂದೆ (ಸರ್ಕಾರದ ಬದಲು ಸದಸ್ಯರೊಬ್ಬರು ತರುವ ಮಸೂದೆ) ಮಂಡಿಸಲು ಅನುಮತಿ ಕೇಳಿದಾಗ ಲೋಕಸಭೆ ಮಂಡನೆಗೇ ಅವಕಾಶ ಕೊಡಲಿಲ್ಲ. ಪರ 24, ವಿರುದ್ಧ 71. ಐನೂರಕ್ಕೂ ಹೆಚ್ಚು ಸದಸ್ಯರ ಸದನದಲ್ಲಿ ಓಟು ಹಾಕಿದವರು ನೂರೂ ಇಲ್ಲ. ಪರವಾಗಿಯೂ ಬೇಡ, ವಿರುದ್ಧವಾಗಿಯೂ ಬೇಡ ಎಂದು ಹೊರಗುಳಿದವರೇ ಹೆಚ್ಚು. ನೀವು ಭೇಟಿಯಾಗುವ ನಾಯಕರೂ ಬಹುತೇಕ ಈ ಗುಂಪಿನವರೇ, ವೈರಿಗಳಲ್ಲ. ಆದ್ದರಿಂದ ಫೋಟೋ ಇಲ್ಲದೆ, ಭಾಷಣ ಇಲ್ಲದೆ, ‘ಇದು ಕೇಂದ್ರದ ಸೂಚನೆ, ಇದು ಕೋರ್ಟಿನ ಆದೇಶ, ಜಾರಿ ಮಾಡಿ ಎಂದಷ್ಟೇ ಕೇಳಿದೆ’ ಎಂದು ಅವರು ಹೇಳಿಕೊಳ್ಳಲು ಬರುವಂಥ ಕಾಗದ ಕೊಡಿ.

ಯಾರ ಕೈಯಲ್ಲಿ ಏನಿದೆ

ನೀವು ಊರಿನ ಹೆಸರು ಬರೆದಿಲ್ಲ, ಒಳ್ಳೆಯದೇ ಮಾಡಿದಿರಿ. ಆದರೆ ಕ್ಷೇತ್ರ ಯಾವುದೆಂದು ನೀವು ಸರಿಯಾಗಿ ತಿಳಿದಿರಬೇಕು, ನಮ್ಮ ಭಾಗದಲ್ಲಿ ಇಲ್ಲೇ ಎಡವುತ್ತಾರೆ. ಸಿಂಧನೂರು, ಮಸ್ಕಿಯವರ ಜಿಲ್ಲಾಧಿಕಾರಿ ರಾಯಚೂರಿನಲ್ಲಿ, ಆದರೆ ಅವರ ಸಂಸದರು ಕೊಪ್ಪಳ ಲೋಕಸಭಾ ಕ್ಷೇತ್ರದವರು. ಸಿರುಗುಪ್ಪ ಬಳ್ಳಾರಿ ಜಿಲ್ಲೆ, ಅವರ ಸಂಸದರೂ ಕೊಪ್ಪಳದವರೇ. ಹೈಕೋರ್ಟಿಗೆ ಹೋಗುವುದಾದರೆ ರಾಯಚೂರು ಜಿಲ್ಲೆಯವರು ಕಲಬುರಗಿ ಪೀಠಕ್ಕೆ, ಬಳ್ಳಾರಿ ಮತ್ತು ಕೊಪ್ಪಳದವರು ಧಾರವಾಡ ಪೀಠಕ್ಕೆ. ತಪ್ಪು ಕಚೇರಿಗೆ ಕೊಟ್ಟ ಮನವಿ ‘ಸಂಬಂಧಪಟ್ಟವರಿಗೆ’ ಎಂಬ ಒಂದು ಷರಾದೊಂದಿಗೆ ಟಪಾಲಿನಲ್ಲೇ ತಿಂಗಳುಗಟ್ಟಲೆ ತಿರುಗುತ್ತದೆ.

ಶಾಸಕರಿಂದ ಮೊದಲು ಕೇಳಬೇಕಾದದ್ದು ಆಸ್ಪತ್ರೆಯ ವಿಷಯ ಎಂದು ನನ್ನ ಸಲಹೆ. ಕಾರಣ, ಇದರಲ್ಲಿ ಯಾರೂ ಎದ್ದುನಿಂತು ವಿರೋಧಿಸುವುದಿಲ್ಲ. ಸುಪ್ರಿಯೋ ತೀರ್ಪಿನ ನಂತರ 2024ರ ಏಪ್ರಿಲ್‌ನಲ್ಲಿ ಈ ಸಮುದಾಯದ ಹಕ್ಕು, ಸೌಲಭ್ಯಗಳನ್ನು ಪರಿಶೀಲಿಸಲು ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ಕೇಂದ್ರದ ಸಮಿತಿ ರಚನೆಯಾಯಿತು. ಅದರ ಮುಂದುವರಿಕೆಯಾಗಿ ಕೇಂದ್ರ ಆರೋಗ್ಯ ಸಚಿವಾಲಯ ಆ ವರ್ಷ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಚಿಕಿತ್ಸೆಯಲ್ಲಿ ತಾರತಮ್ಯ ತಗ್ಗಿಸಲು, ಹತ್ತಿರದ ಸಂಬಂಧಿಕರು ಸಿಗದಿದ್ದಾಗ ಸಂಗಾತಿ ಮೃತದೇಹ ಪಡೆಯಲು ಅವಕಾಶ ಮಾಡಲು ಸೂಚಿಸಿತು. ‘ಸಂಬಂಧಿಕರು ಸಿಗದಿದ್ದಾಗ’ ಎಂಬ ಷರತ್ತನ್ನು ಗಮನಿಸಿ, ಮನೆಯವರು ಎದುರಿಗಿದ್ದರೆ ಈ ಪತ್ರ ನಿಮಗೆ ಏನನ್ನೂ ಕೊಡುವುದಿಲ್ಲ. ನೀವು ಅನುಭವಿಸಿದ್ದು ಸಹಿಯ ತೊಂದರೆ. ಎಚ್ಚರ ಇರುವ ವಯಸ್ಕ ರೋಗಿ ತನ್ನ ಒಪ್ಪಿಗೆಗೆ ತಾನೇ ಸಹಿ ಮಾಡಬಹುದು, ‘ಮನೆಯವರೇ ಬೇಕು’ ಎಂಬುದು ಬಹುಮಟ್ಟಿಗೆ ಆಸ್ಪತ್ರೆಗಳ ರೂಢಿ, ಮುಂದೆ ಗಲಾಟೆ ಆದೀತೆಂಬ ಹೆದರಿಕೆಯಿಂದ ಬೆಳೆದದ್ದು. ಹಾಗಾಗಿ ಬೇಡಿಕೆ ಹೀಗಿರಲಿ: ರೋಗಿ ಬರವಣಿಗೆಯಲ್ಲಿ ಸೂಚಿಸಿದ ವ್ಯಕ್ತಿಯನ್ನು ಅವರ ಆಪ್ತರೆಂದು ಒಪ್ಪಿ ಮಾಹಿತಿ ಕೊಡಬೇಕು, ಜೊತೆಗಿರಲು ಬಿಡಬೇಕು ಎಂದು ತಾಲ್ಲೂಕು ಆಸ್ಪತ್ರೆಗಳಿಗೂ, ರಾಯಚೂರಿನ ರಿಮ್ಸ್‌ನಂಥ ಬೋಧಕ ಆಸ್ಪತ್ರೆಗಳಿಗೂ ಸುತ್ತೋಲೆ. ಇದರಲ್ಲಿ ‘ಸಲಿಂಗಿ’ ಎಂಬ ಪದವೇ ಬೇಕಾಗಿಲ್ಲ. ಗುಳೆ ಹೋಗಿ ಬಂದ ಒಂಟಿ ಕೂಲಿಕಾರರಿಗೂ, ಮಕ್ಕಳಿಲ್ಲದ ವಿಧವೆಯರಿಗೂ ಇದು ಬೇಕು. ಬೇಡಿಕೆಯನ್ನು ಹೀಗೆ ಅಗಲ ಮಾಡಿದರೆ ಜೊತೆ ನಿಲ್ಲುವವರು ಹೆಚ್ಚುತ್ತಾರೆ. ಮಾನಸಿಕ ಆರೋಗ್ಯದ ಚಿಕಿತ್ಸೆಗಂತೂ ಇದು ಈಗಾಗಲೇ ಕಾನೂನು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 14ನೇ ಕಲಮಿನಂತೆ ಯಾವ ವಯಸ್ಕರಾದರೂ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ತಮ್ಮ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು.

ಎರಡನೆಯದು ‘ಸರಿಪಡಿಸುವ’ ಚಿಕಿತ್ಸೆ. ಮಗ ಹೀಗಿದ್ದಾನೆಂದು ಗೊತ್ತಾದ ಕೂಡಲೇ ಅಪ್ಪ ಅಮ್ಮ ಡಾಕ್ಟರ ಹತ್ತಿರ ಕರೆದೊಯ್ಯುವುದು, ಅವರು ಗುಳಿಗೆ ಬರೆಯುವುದು, ಮದುವೆ ಮಾಡಿಬಿಡಿ ಸರಿಹೋಗುತ್ತದೆ ಎನ್ನುವುದು ಇಂದಿಗೂ ನಿಂತಿಲ್ಲ. ಮದ್ರಾಸ್ ಹೈಕೋರ್ಟು 2021ರ ಜೂನ್ 7ರಂದು ಸುಷ್ಮಾ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಇದನ್ನು ಜಿಲ್ಲೆಯ ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆ ತಿಳಿಸಿದ್ದೀರಾ ಎಂದು ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೇಳಲು ಶಾಸಕರಿಗೆ ಒಂದು ಸಾಲು ಸಾಕು.

ಮೂರನೆಯದು ಪೊಲೀಸರದು. ಇದು ತುಸು ಕಷ್ಟದ್ದು, ಆದರೆ ಜೀವದ ಪ್ರಶ್ನೆ ಇರುವುದು ಇಲ್ಲೇ. ಎರಡು ಬಗೆಯ ಪ್ರಕರಣ ಮತ್ತೆ ಮತ್ತೆ ಬರುತ್ತವೆ. ಒಂದು, ಮನೆ ಬಿಟ್ಟು ಬಂದ ಜೋಡಿಯ ಮೇಲೆ ಮನೆಯವರು ‘ಕಾಣೆಯಾಗಿದ್ದಾರೆ’ ಎಂದು ದೂರು ಕೊಟ್ಟು, ಠಾಣೆಯವರು ವಯಸ್ಕರೆಂದು ಗೊತ್ತಿದ್ದೂ ಹಿಡಿದು ಮನೆಯವರಿಗೆ ಒಪ್ಪಿಸುವುದು. ಎರಡು, ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು ಬೈಪಾಸ್ ಹತ್ತಿರಕ್ಕೋ ಲಾಡ್ಜಿಗೋ ಕರೆಸಿ, ವಿಡಿಯೊ ಮಾಡಿ, ಫೋನ್‌ಪೇ ಖಾಲಿ ಮಾಡಿಸುವ ಸುಲಿಗೆ. ಮೊದಲನೆಯದಕ್ಕೆ ಸುಪ್ರೀಂ ಕೋರ್ಟು 2024ರ ಮಾರ್ಚ್ 11ರಂದು ದೇವು ಜಿ. ನಾಯರ್ ಪ್ರಕರಣದಲ್ಲಿ ನ್ಯಾಯಾಲಯಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಅದರಂತೆ ಬಿಡುಗಡೆ ಅಥವಾ ರಕ್ಷಣೆ ಕೋರಿ ಕೋರ್ಟಿಗೆ ಬಂದ ಇಂಥ ಅರ್ಜಿಯನ್ನು ಮುಂದೂಡಬಾರದು, ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ಬದಲಿಸಲು ಹೋಗಬಾರದು, ರಕ್ಷಣೆ ಕೇಳಿದರೆ ಕೊಡಿಸಬೇಕು. ಎರಡನೆಯದಕ್ಕೆ ನ್ಯಾಯ ಸಂಹಿತೆಯ 308 ಸುಲಿಗೆಗೆ, 351 ಬೆದರಿಕೆಗೆ, 115 ಹಲ್ಲೆಗೆ ಅನ್ವಯವಾಗುತ್ತವೆ. ಆದರೆ ಒಪ್ಪಿಗೆಯಿಲ್ಲದ ಕೃತ್ಯಕ್ಕೆ 2018ರ ನಂತರವೂ ಅನ್ವಯವಾಗುತ್ತಿದ್ದ 377 ಪೂರ್ತಿ ಹೋದದ್ದರಿಂದ ವಯಸ್ಕ ಗಂಡಸಿನ ಮೇಲಿನ ಬಲಾತ್ಕಾರಕ್ಕೆ ಇಂದು ನೇರವಾದ ಕಲಮೇ ಇಲ್ಲ. ಈ ಕೊರತೆ ತುಂಬುವುದು ಸಂಸತ್ತು, ಹಾಗಾಗಿ ಅದು ಸಂಸದರಿಗೆ ಕೊಡುವ ಕಾಗದಕ್ಕೆ ಸೇರಬೇಕು. ರಾಜ್ಯದ ಗೃಹ ಇಲಾಖೆಯಿಂದ ಕೇಳಬಹುದಾದದ್ದಕ್ಕೆ ಪಕ್ಕದ ರಾಜ್ಯದಲ್ಲೇ ಮಾದರಿ ಇದೆ. ತಮಿಳುನಾಡು 2022ರಲ್ಲಿ ತನ್ನ ಪೊಲೀಸರ ನಡತೆ ನಿಯಮಗಳಿಗೆ ತಿದ್ದುಪಡಿ ತಂದು, ಈ ಸಮುದಾಯದವರಿಗೂ ಅವರಿಗಾಗಿ ದುಡಿಯುವವರಿಗೂ ಕಿರುಕುಳ ಕೊಡುವಂತಿಲ್ಲ ಎಂದು ಸೇರಿಸಿತು. ಅದಕ್ಕೆ ಹೊಸ ಕಾಯ್ದೆ ಬೇಕಾಗಲಿಲ್ಲ, ನಿಯಮದ ತಿದ್ದುಪಡಿಯೇ ಸಾಕಾಯಿತು.

ಬ್ಯಾಂಕಿನ ವಿಷಯಕ್ಕೆ ಯಾವ ನಾಯಕರೂ ಬೇಡ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್ 28ರಂದೇ ಸ್ಪಷ್ಟಪಡಿಸಿದೆ. ಪ್ರತಿ ತೆಗೆದುಕೊಂಡು ಬ್ರಾಂಚಿಗೆ ಹೋಗಿ. ಇದನ್ನು ಈ ವಾರವೇ ಮಾಡಿ. ರೇಷನ್ ಕಾರ್ಡಿಗೂ ಸಂಗಾತಿಗಳನ್ನು ಒಂದೇ ಕುಟುಂಬವೆಂದು ಪರಿಗಣಿಸಿ ಎಂದು ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಬರೆದಿದೆ. ಆದರೆ ಆಹಾರ ಶಾಖೆಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಹೆಸರು ಬಯಲಾಗುವ ಅಪಾಯ ನಿಮ್ಮ ಸ್ಥಿತಿಯಲ್ಲಿ ಸಣ್ಣದಲ್ಲ. ನಿಮಗೆ ಅದನ್ನು ನಾನು ಈಗ ಹೇಳುವುದಿಲ್ಲ.

ಮದುವೆ ಅಥವಾ ಸಿವಿಲ್ ಯೂನಿಯನ್ ಸಂಸದರ ಪಾಲಿಗೆ. ಖಾಸಗಿ ಮಸೂದೆ ಮಂಡಿಸಿ ಎಂದು ಕೇಳುವ ಆಸೆ ಸಹಜ. ಸಂಸದೆ ಸುಪ್ರಿಯಾ ಸುಳೆ ಅವರು 2022ರಲ್ಲಿ ವಿಶೇಷ ವಿವಾಹ ಕಾಯ್ದೆಗೆ ಇಂಥ ತಿದ್ದುಪಡಿ ಮಸೂದೆ ಮಂಡಿಸಿದ್ದರು, ಅದು ಮುಂದೆ ಹೋಗಲಿಲ್ಲ. ಮೊದಲ ಸಲ ಸಂಸದರ ಹತ್ತಿರ ಹೋಗುವವರು ಮಸೂದೆ ಕೇಳುವುದಕ್ಕಿಂತ ಪ್ರಶ್ನೆ ಕೇಳಿಸುವುದು ಒಳ್ಳೆಯದು. ಸಂಪುಟ ಕಾರ್ಯದರ್ಶಿ ಸಮಿತಿ ಎಷ್ಟು ಸಭೆ ನಡೆಸಿದೆ, ಏನು ಶಿಫಾರಸು ಮಾಡಿದೆ, ಅದರಲ್ಲಿ ಜಾರಿಯಾದದ್ದೆಷ್ಟು? ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಓಡಾಡಿದರೆ ತಡವಾಗಿರುತ್ತದೆ. ಕಾಂಗ್ರೆಸ್ಸಿನ 2024ರ ಲೋಕಸಭಾ ಪ್ರಣಾಳಿಕೆಯಲ್ಲಿ ವ್ಯಾಪಕ ಸಮಾಲೋಚನೆಯ ನಂತರ ಸಿವಿಲ್ ಯೂನಿಯನ್‌ಗೆ ಮಾನ್ಯತೆ ಕೊಡುವ ಕಾನೂನು ತರುವ ಭರವಸೆ ಇತ್ತು. ನಿಮ್ಮ ಸಂಸದರು ಆ ಪಕ್ಷದವರಾದರೆ ಆ ಪುಟದ ಪ್ರತಿಯನ್ನೇ ಲಗತ್ತಿಸಿ. ಬೇರೆ ಪಕ್ಷದವರಾದರೆ ಪ್ರಣಾಳಿಕೆಯ ಮಾತೇ ಎತ್ತಬೇಡಿ, ಕೇಂದ್ರ ಸರ್ಕಾರದ್ದೇ ಸೂಚನೆಗಳನ್ನು ಮುಂದಿಡಿ.

ಕಾಗದ ಹೇಗಿರಬೇಕು

ಕೆಡುವುದು ಹೆಚ್ಚಾಗಿ ಇಲ್ಲೇ. ಹನ್ನೆರಡು ಬೇಡಿಕೆಗಳ ನಾಲ್ಕು ಪುಟದ ಹಕ್ಕೊತ್ತಾಯ ಪತ್ರವನ್ನು ಶಾಸಕರು ಓದುವುದಿಲ್ಲ, ಪಿಎ ಕೂಡ ಓದುವುದಿಲ್ಲ. ಒಂದು ಪುಟ, ಒಂದು ಬೇಡಿಕೆ, ಒಂದು ಲಗತ್ತು. ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’ ಎಂದು ಆದೇಶದ ಸಂಖ್ಯೆ ಮತ್ತು ದಿನಾಂಕ. ಮೂರನೇ ಪ್ಯಾರಾದಲ್ಲಿ ಶಾಸಕರಿಂದ ಏನು ಬೇಕೋ ಅದು: ಮಾನ್ಯ ಆರೋಗ್ಯ ಸಚಿವರಿಗೆ ತಮ್ಮ ಲೆಟರ್‌ಹೆಡ್‌ನಲ್ಲಿ ಪತ್ರ. ಆ ಪತ್ರದ ಕರಡನ್ನೂ ನೀವೇ ಟೈಪ್ ಮಾಡಿ ಜೊತೆಗಿಡಿ. ಸಚಿವರ ಕಚೇರಿಯಲ್ಲಿ ಅದರ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ ಬಿದ್ದರೆ ಇಲಾಖೆಯಲ್ಲಿ ಕಡತ ತೆರೆಯುತ್ತದೆ, ಕಡತಕ್ಕೊಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಸಿಗುವವರೆಗೆ ಏನೂ ಆಗಿಲ್ಲವೆಂದೇ ತಿಳಿಯಿರಿ.

ಇನ್ನೊಂದು ದಾರಿ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು, ತಾಲ್ಲೂಕು ಆರೋಗ್ಯಾಧಿಕಾರಿ ಎದುರಿಗೇ ಕೂತಿರುತ್ತಾರೆ. ‘ವೈದ್ಯಕೀಯ ಆಯೋಗದ ಆದೇಶ ಎಲ್ಲ ಆಸ್ಪತ್ರೆಗೂ ಮುಟ್ಟಿದೆಯಾ?’ ಎಂದು ಅವರು ಕೇಳಿದ ಒಂದು ಮಾತು ಸಭಾ ನಡಾವಳಿಯಲ್ಲಿ ದಾಖಲಾದರೆ ಮುಂದಿನ ಸಭೆಗೆ ಅನುಪಾಲನಾ ವರದಿ ಕೊಡಲೇಬೇಕು. ಪತ್ರಕರ್ತರು ಬರೆಯುವ ಬಗೆಯ ವಿಷಯವಲ್ಲ ಇದು, ನಿಮಗೆ ಅದೇ ಅನುಕೂಲ.

ಎಲ್ಲಕ್ಕಿಂತ ಬಲವಾದದ್ದು ವಿಧಾನಸಭೆಯ ಪ್ರಶ್ನೆ. ಉತ್ತರ ಮುದ್ರಿತವಾಗಿ ದಾಖಲೆಯಾಗುತ್ತದೆ, ಸರ್ಕಾರ ಒಂದು ನಿಲುವಿಗೆ ಬರಲೇಬೇಕಾಗುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಲು ಹಿಂಜರಿಯುವ ಶಾಸಕರು ಕಡಿಮೆ, ಸದನದಲ್ಲಿ ಎದ್ದುನಿಂತು ಮಾತಾಡಬೇಕಾಗಿಲ್ಲ, ಲಿಖಿತ ಉತ್ತರ ಬರುತ್ತದೆ. ಪಿಎ ಕೈಗೆ ಕೊಡುವ ಹಾಳೆ ಈ ರೀತಿ ಇರಲಿ:

ಮಾನ್ಯ ಗೃಹ ಸಚಿವರು ಉತ್ತರಿಸುವಂತೆ:
(ಅ) ವಯಸ್ಕ ಸಲಿಂಗಿ ಜೋಡಿಗಳ ವಿರುದ್ಧ ಕುಟುಂಬದವರು ನೀಡುವ ‘ಕಾಣೆಯಾದ’ ದೂರುಗಳ ನಿರ್ವಹಣೆ ಕುರಿತು ಪೊಲೀಸ್ ಠಾಣೆಗಳಿಗೆ ಸುತ್ತೋಲೆ ಹೊರಡಿಸಲಾಗಿದೆಯೇ;
(ಆ) ಹೊರಡಿಸಿದ್ದಲ್ಲಿ, ಅದರ ಪ್ರತಿಯನ್ನು ಒದಗಿಸುವುದು;
(ಇ) ಇಲ್ಲದಿದ್ದಲ್ಲಿ, ತಮಿಳುನಾಡಿನ ಮಾದರಿಯಲ್ಲಿ ಪೊಲೀಸ್ ನಡತೆ ನಿಯಮಗಳಿಗೆ ತಿದ್ದುಪಡಿ ತರುವ ಪ್ರಸ್ತಾವನೆ ಸರ್ಕಾರದ ಮುಂದಿದೆಯೇ;
(ಈ) ಯಾವಾಗ ತರಲಾಗುವುದು? (ವಿವರ ನೀಡುವುದು)

ಹೀಗೆ ತಯಾರಾಗಿ ಬಂದ ಪ್ರಶ್ನೆ ಪಿಎಗೆ ತಲೆನೋವು ಕಡಿಮೆ ಮಾಡುತ್ತದೆ. ಅಧಿವೇಶನ ಕರೆದ ಸುದ್ದಿ ಬಂದ ದಿನವೇ ತಲುಪಿಸಿ. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ನವೆಂಬರ್ ಮೊದಲ ವಾರಕ್ಕೆ ಹಾಳೆ ಸಿದ್ಧವಿರಲಿ. ನಿಮ್ಮ ಶಾಸಕರು ಒಪ್ಪದಿದ್ದರೆ ವಿಧಾನ ಪರಿಷತ್ತಿನ ಸದಸ್ಯರಿದ್ದಾರೆ. ಪದವೀಧರ, ಶಿಕ್ಷಕ ಕ್ಷೇತ್ರದವರಿಗೆ ಊರ ಓಟಿನ ಅಂಜಿಕೆ ಅಷ್ಟಿಲ್ಲ, ಅವಧಿಯೂ ಆರು ವರ್ಷ.

ಎರಡು ಪ್ರತಿ ಒಯ್ಯಿರಿ, ಎರಡನೆಯದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಕಾರಿನ ಕಿಟಕಿಯಲ್ಲಿ ಕೊಟ್ಟ ಮನವಿ ಗನ್‌ಮ್ಯಾನ್ ಕೈ ಸೇರಿ ಅಲ್ಲಿಗೇ ಮುಗಿಯುತ್ತದೆ.

ಹೆಸರು ಯಾರದು?

ನಿಮ್ಮದಲ್ಲ. ನಿಮ್ಮ ಸಂಗಾತಿಯದು ಮೊದಲೇ ಅಲ್ಲ. ಖಾಸಗಿ ಕೆಲಸದಿಂದ ಈ ಕಾರಣಕ್ಕೆ ತೆಗೆದುಹಾಕಿದರೆ ನೇರವಾಗಿ ಹಿಡಿಯಬಲ್ಲ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 15ನೇ ವಿಧಿಯ ತಾರತಮ್ಯ ನಿಷೇಧಕ್ಕೆ ಲೈಂಗಿಕ ಒಲವೂ ಒಳಪಡುತ್ತದೆ ಎಂದು ನವತೇಜ್ ತೀರ್ಪು ಹೇಳಿದರೂ ಅದು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು, ರೈಸ್ ಮಿಲ್ಲಿನ ಮಾಲೀಕರನ್ನಲ್ಲ. ನಿಮ್ಮಿಬ್ಬರ ಭಯ ಆಧಾರವಿಲ್ಲದ್ದಲ್ಲ. ಯಾರಾದರೂ ‘ಧೈರ್ಯ ಮಾಡಿ ಹೊರಗೆ ಬನ್ನಿ’ ಎಂದು ಒತ್ತಾಯಿಸಿದರೆ, ಅದರ ಬೆಲೆ ಕಟ್ಟುವವರು ಅವರಲ್ಲ ಎಂಬುದು ನೆನಪಿರಲಿ.

ಸಹಿ ಹಾಕಬೇಕಾದವರು ಬೇರೆಯವರು. ವಕೀಲರ ಸಂಘದ ಇಬ್ಬರು ಹಿರಿಯರು, ಒಬ್ಬ ವೈದ್ಯರು, ನಿವೃತ್ತ ಮೇಷ್ಟ್ರು, ಮಹಿಳಾ ಸಂಘಟನೆಯವರು, ದಲಿತ, ರೈತ, ಕಾರ್ಮಿಕ ಸಂಘಟನೆಯ ತಾಲ್ಲೂಕು ಮುಖಂಡರು. ರಾಯಚೂರು, ಬಳ್ಳಾರಿ, ಕೊಪ್ಪಳ ಈ ಮೂರೂ ಜಿಲ್ಲೆಗಳಲ್ಲಿ ಈ ಸಂಘಟನೆಗಳಿಗೆ ನೆಲೆಯಿದೆ, ಶಾಸಕರು ಇವರನ್ನು ಎಣಿಕೆಗೆ ತೆಗೆದುಕೊಳ್ಳುತ್ತಾರೆ. ಐದು ಇಂಥ ಸಹಿ ಐವತ್ತು ಅಪರಿಚಿತ ಸಹಿಗಿಂತ ಮೇಲು. ಮೊದಲು ಒಬ್ಬರನ್ನು ಗೊತ್ತುಮಾಡಿಕೊಳ್ಳಿ, ವಕೀಲರಾದರೆ ಉತ್ತಮ, ಕಕ್ಷಿದಾರರ ಗುಟ್ಟು ಕಾಯುವುದು ಅವರ ವೃತ್ತಿಧರ್ಮ. ಎಚ್‌ಐವಿ ತಡೆಗಟ್ಟುವ ಯೋಜನೆ ನಡೆಸುವ ಸಂಸ್ಥೆಗಳೂ ಜಿಲ್ಲೆಯಲ್ಲಿರುತ್ತವೆ. ಅವರು ಸಲಹೆ, ಪರಿಚಯ ಕೊಡಬಲ್ಲರು. ಸರ್ಕಾರದ ಅನುದಾನದಲ್ಲಿ ನಡೆಯುವುದರಿಂದ ಮುಂದೆ ನಿಲ್ಲಲು ಹಿಂಜರಿದರೆ ಬೇಸರಿಸಬೇಡಿ.

ಜೋಗಪ್ಪ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಿಂದ ಹಿಡಿದು ಊರೂರಿನ ಎಲ್ಲಮ್ಮನ ಗುಡಿಯವರೆಗೆ ಅವರನ್ನು ನಮ್ಮ ಜನ ತಲೆಮಾರುಗಳಿಂದ ಕಂಡಿದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಈ ರಾಜ್ಯದಲ್ಲಿ ಕೆಳಗಿನಿಂದ ಬಂದ ಒತ್ತಡಕ್ಕೆ ಸರ್ಕಾರ ಬಾಗಿದ್ದಕ್ಕೆ ಒಳ್ಳೆಯ ಉದಾಹರಣೆಗಳೂ ಈ ಸಮುದಾಯದವೇ. ಹಿಜ್ರಾ ಸಮುದಾಯದವರ ಪಟ್ಟಿ ಮಾಡಿ ನಿಗಾ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ ಕರ್ನಾಟಕ ಪೊಲೀಸ್ ಕಾಯ್ದೆಯ 36ಎ ಕಲಮು 2011ರಲ್ಲಿ ಬಂದಿತ್ತು. ಸಂಘಟನೆಗಳು ಬೀದಿಯಲ್ಲೂ ಹೈಕೋರ್ಟಿನಲ್ಲೂ ಹೋರಾಡಿದ ಮೇಲೆ ಸಮುದಾಯದ ಉಲ್ಲೇಖವನ್ನೇ ಅಲ್ಲಿಂದ ತೆಗೆಯಲಾಯಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿ ಬಂದದ್ದೂ ಈ ಸಮುದಾಯಗಳ ಪರ ದುಡಿಯುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ. ಅವರ ಹೆಗಲ ಮೇಲೆ ನಿಮ್ಮ ಬೇಡಿಕೆ ಇಟ್ಟು ನೀವು ಮರೆಯಲ್ಲಿ ನಿಲ್ಲುವುದು ಮಾತ್ರ ನ್ಯಾಯವಲ್ಲ. ಅವರ ಪಿಂಚಣಿ, ಮನೆ, ಗುರುತಿನ ಚೀಟಿಯ ಅರ್ಜಿ ತುಂಬಲು ಕೈಜೋಡಿಸಿ, ಆಮೇಲೆ ಸಹಿ ಕೇಳಿ. ಇನ್ನೊಂದು ತೊಡಕೂ ಇದೆ. ಕಚೇರಿಯವರಿಗೆ ಸಲಿಂಗಿಗಳಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಇರುವ ವ್ಯತ್ಯಾಸ ಗೊತ್ತಿರುವುದಿಲ್ಲ. ಆಸ್ಪತ್ರೆ ಸುತ್ತೋಲೆ ಕೇಳಿದ ಮನವಿಯನ್ನು ಮಹಿಳಾ ಅಭಿವೃದ್ಧಿ ನಿಗಮಕ್ಕೆ ವರ್ಗಾಯಿಸಿ, ಅಲ್ಲಿಂದ ‘ಮೈತ್ರಿ ಯೋಜನೆಯಡಿ ಅರ್ಜಿ ಸಲ್ಲಿಸಬಹುದು’ ಎಂಬ ಹಿಂಬರಹ ಬಂದು ಕಡತ ಮುಕ್ತಾಯವಾಗುತ್ತದೆ (ಮೈತ್ರಿ ಎಂದರೆ ಲಿಂಗತ್ವ ಅಲ್ಪಸಂಖ್ಯಾತರ ಪಿಂಚಣಿ). ಅದನ್ನು ತಪ್ಪಿಸಲು ‘ವಿಷಯ’ದ ಸಾಲಿನಲ್ಲೇ ಇಲಾಖೆಯ ಹೆಸರು, ಬೇಕಾದ ಸುತ್ತೋಲೆ ಎರಡನ್ನೂ ಬರೆಯಿರಿ.

ಮೆರವಣಿಗೆಯ ಬಗ್ಗೆ ಕೇಳಿದ್ದೀರಿ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿದೆ, ಅಲ್ಲಿ ಜನಸಾಗರದಲ್ಲಿ ಒಬ್ಬರಾಗಿ ಕರಗಬಹುದು. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಏಳು ಜನ ನಿಂತರೆ ಏಳೂ ಮುಖ ಸಂಜೆಯೊಳಗೆ ರೀಲ್ಸ್ ಆಗುತ್ತವೆ. ಮೆರವಣಿಗೆಗೆ ಪೊಲೀಸರ ಅನುಮತಿ ಬೇಕು, ಅರ್ಜಿಯಲ್ಲಿ ಆಯೋಜಕರ ಹೆಸರು, ಫೋನ್ ನಂಬರ್ ಬೇಕು. ಈಗ ಬೇಡ. ಬದಲಿಗೆ ನವೆಂಬರ್ 26ರ ಸಂವಿಧಾನ ದಿನ, ಡಿಸೆಂಬರ್ 10ರ ಮಾನವ ಹಕ್ಕು ದಿನ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಂದು ಸಂಘಟನೆಗಳು ಕೊಡುವ ಹಕ್ಕೊತ್ತಾಯ ಪತ್ರದಲ್ಲಿ ನಿಮ್ಮ ಒಂದು ಅಂಶ ಸೇರಲಿ. ಅಂದಿನ ಗುಂಪಿನಲ್ಲಿ ನೀವೂ ಇರಬಹುದು, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.

ನಿಮ್ಮ ಏಳು ಜನರ ವಾಟ್ಸ್‌ಆ್ಯಪ್ ಗ್ರೂಪಿದ್ದರೆ ಅದರ ಹೆಸರು, ಚಿತ್ರ ಬದಲಿಸಿ, ಮೆಸೇಜು ತಾನಾಗಿ ಅಳಿಯುವ ಹಾಗೆ ಇಡಿ, ಹೊಸಬರನ್ನು ಖುದ್ದು ನೋಡದೆ ಸೇರಿಸಬೇಡಿ. ಸುಲಿಗೆ ಮಾಡುವವರು ಒಳಬರುವುದು ಇಂಥ ಗ್ರೂಪಿನಿಂದಲೂ. ಆರ್‌ಟಿಐ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ, ಕಾರಣ ಹೇಳಬೇಕಾಗಿಲ್ಲ. ಆದರೆ ಅರ್ಜಿದಾರರ ಹೆಸರು, ವಿಳಾಸ ಊರ ಕಚೇರಿಗೇ ತಲುಪುತ್ತದೆ, ಹಾಗಾಗಿ ಅದನ್ನು ವಕೀಲರೋ ಬೇರೆ ಊರಿನ ಸ್ನೇಹಿತರೋ ಹಾಕಲಿ. ಇಷ್ಟರ ನಡುವೆ ಯಾರಿಗಾದರೂ ಮನೆಯಲ್ಲಿ ಹೊಡೆತ, ಬಂಧನ ಶುರುವಾದರೆ ಮನವಿ ಗಿನವಿ ಬದಿಗಿಟ್ಟು 112ಕ್ಕೆ ಕರೆ ಮಾಡಿ. ಉಚಿತ ಕಾನೂನು ನೆರವಿಗೆ 15100.

ಕೊನೆಯದಾಗಿ, ಉತ್ತರ ಬಂದ ಮೇಲಿನ ಕೆಲಸ. ಮೊದಲ ಸಲ ಬರುವುದು ಬಹುತೇಕ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಪದ. ಅದನ್ನು ಸೋಲೆಂದು ತಿಳಿದು ಅಲ್ಲೇ ಬಿಡುವವರು ಬಹಳ. ಪರಿಶೀಲನೆಯಲ್ಲಿದೆ ಎಂದು ಸರ್ಕಾರ ಬರೆದುಕೊಟ್ಟಿತೆಂದರೆ ಅದಕ್ಕೊಂದು ಕಡತ ಇರಲೇಬೇಕು. ಮೂರು ತಿಂಗಳು ಬಿಟ್ಟು ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಆರ್‌ಟಿಐನಲ್ಲಿ ತೆಗೆಸಿ. ಯಾವ ಅಧಿಕಾರಿಯ ಮೇಜಿನ ಮೇಲೆ, ಯಾವ ದಿನದಿಂದ, ಯಾವ ಆಕ್ಷೇಪದಿಂದ ನಿಂತಿದೆ ಎಂದು ಅದರಲ್ಲಿರುತ್ತದೆ. ಮುಂದಿನ ಅಧಿವೇಶನದ ಪ್ರಶ್ನೆಯ (ಅ) ಭಾಗಕ್ಕೆ ಆ ಕಡತ ಸಂಖ್ಯೆಯನ್ನೇ ಹಾಕಿ, ಈ ಸಲ ಪರಿಷತ್ತಿನ ಸದಸ್ಯರ ಮೂಲಕ ಕೇಳಿಸಿ. 2028ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಇಂಥ ಎರಡು ಲಿಖಿತ ಉತ್ತರಗಳು ನಿಮ್ಮ ಕೈಯಲ್ಲಿದ್ದರೆ, ಪಕ್ಷಗಳ ಪ್ರಣಾಳಿಕೆ ಸಮಿತಿಗಳ ಮುಂದೆ ನಿಮ್ಮ ಪರವಾಗಿ ಹೋಗುವ ವಕೀಲರು ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ. ಅಭ್ಯರ್ಥಿ ‘ಮಾಡೋಣ ಬಿಡ್ರಿ’ ಎಂದರೆ ಅದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಲು ಅವರಿಗೆ ಹೇಳಿ.